ನಿಮಗಿದು ಗೊತ್ತೇ? ತೂಕದ ಯಂತ್ರಕ್ಕೆ ಸಿಗದ ಬುಲಿಮಿಯಾ

ಚೆನ್ನೈನ ಉತ್ತರ ತುದಿಯ ಮಣಲಿಯಲ್ಲಿ ಮದ್ರಾಸ್ ಫರ್ಟಿಲೈಸರ್ಸ್ ಕಾರ್ಖಾನೆ ಇದೆ. ಅಲ್ಲಿಯ ‘ವಿಜಯ್’ ಗೊಬ್ಬರದ ಚೀಲದ ಮೇಲೆ 17-17-17 ಎಂದು ಅಚ್ಚಾಗಿರುತ್ತದೆ. ಊರಲ್ಲಿ ತುಂಡು ಹೊಲ ಇರುವ ಯಾವ ಕನ್ನಡಿಗನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸಾರಜನಕ, ರಂಜಕ, ಪೊಟ್ಯಾಷ್. ಕೊನೆಯ 17ರಲ್ಲಿರುವ ಪೊಟ್ಯಾಸಿಯಂ ಬೆಳೆಗೆ ಬೇಕಾದಷ್ಟೇ ನಮ್ಮ ಎದೆಬಡಿತಕ್ಕೂ ಬೇಕು ಎಂಬುದು ಗೊತ್ತೇ? ರಕ್ತದಲ್ಲಿ ಅದು ಲೀಟರಿಗೆ ಹೆಚ್ಚುಕಡಿಮೆ 3.5ರಿಂದ 5 ಮಿಲಿಮೋಲ್‌ಗಳ ನಡುವೆ ಇರಬೇಕು. 3ಕ್ಕಿಂತ ಕೆಳಗೆ ಜಾರಿದರೆ ಹೃದಯದ ಲಯ ತಪ್ಪುವ ಅಪಾಯ ಏರುತ್ತದೆ. 2.5ಕ್ಕಿಂತ ಕೆಳಗಿಳಿದರೆ ಅದು ತುರ್ತು ಚಿಕಿತ್ಸೆಯ ಸ್ಥಿತಿ. ಬುಲಿಮಿಯಾ ಎಂಬ ಕಾಯಿಲೆ ದೇಹದಿಂದ ಕದಿಯುವುದು ಮುಖ್ಯವಾಗಿ ಇದನ್ನೇ.

ಬುಲಿಮಿಯಾ ಹೇಗಿರುತ್ತದೆ? ಸ್ವಲ್ಪ ಹೊತ್ತಿನಲ್ಲೇ, ಬೇಕೆಂದರೂ ನಿಲ್ಲಿಸಲಾಗದೆ, ಅತಿಯಾಗಿ ತಿಂದುಬಿಡುವುದು. ಆಮೇಲೆ ತೂಕ ಏರೀತೆಂಬ ಭಯ, ನಾಚಿಕೆ. ಆ ಭಯಕ್ಕೆ ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು, ಮರುದಿನವಿಡೀ ಉಪವಾಸ ಬೀಳುವುದು ಅಥವಾ ಮೈ ಸೋಲುವವರೆಗೆ ವ್ಯಾಯಾಮ ಮಾಡುವುದು. ಮತ್ತೆ ಹಸಿವು, ಮತ್ತೆ ಅದೇ ಸುತ್ತು. ವಾರಕ್ಕೆ ಒಂದು ಸಲದಂತೆ ಮೂರು ತಿಂಗಳು ಹೀಗಾದರೆ ಸಾಕು, ಅಮೆರಿಕದ ಮನೋವೈದ್ಯರು 2013ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ ಅದು ಬುಲಿಮಿಯಾ. ‘ಅಪರೂಪಕ್ಕೊಮ್ಮೆ ತಾನೇ’ ಎನ್ನುವವರೂ ವೈದ್ಯರನ್ನು ಕಾಣಬೇಕಾದವರೇ. ಮೂರು ತಿಂಗಳು ತುಂಬಲಿ ಎಂದು ಯಾರೂ ಕಾಯಬೇಕಿಲ್ಲ.

ಬುಲಿಮಿಯಾ ಇರುವ ಬಹುಪಾಲು ಜನರ ತೂಕ ಸಾಮಾನ್ಯವಾಗಿರುತ್ತದೆ ಅಥವಾ ತುಸು ಹೆಚ್ಚೇ ಇರುತ್ತದೆ ಎಂಬುದು ಗೊತ್ತೇ? ಈ ಅಂಕಣದಲ್ಲಿ ಒಂದೇ ಒಂದು ಸಂಗತಿ ನಿಮ್ಮ ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ. ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾ ಮನೆಯವರ ಕಣ್ಣಿಗೆ ಬೀಳುತ್ತದೆ. ಬುಲಿಮಿಯಾ ಬೀಳುವುದಿಲ್ಲ. ಮಗಳು ಎಲ್ಲರ ಜತೆ ಕೂತು ಊಟ ಮಾಡುತ್ತಾಳೆ, ಕಾಲೇಜಿಗೆ ಹೋಗುತ್ತಾಳೆ, ಹಬ್ಬಕ್ಕೆ ಸೀರೆ ಉಟ್ಟು ಫೋಟೊ ತೆಗೆಸಿಕೊಳ್ಳುತ್ತಾಳೆ. ಒಳಗೆ ರಕ್ತದ ಲವಣಗಳು ಏರುಪೇರಾಗಿರುತ್ತವೆ. ಹೀಗಾಗಿ ಕಾಯಿಲೆ ಶುರುವಾಗಿ ಎಷ್ಟೋ ವರ್ಷಗಳ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತುವವರೇ ಹೆಚ್ಚು.

ವಾಂತಿಯ ನೀರಿನಲ್ಲಿ ಪೊಟ್ಯಾಸಿಯಂ ಇರುವುದು ಬಹಳ ಕಡಿಮೆ. ಹಾಗಾದರೆ ಅದು ಹೋಗುವುದೆಲ್ಲಿಗೆ? ಮೂತ್ರಕ್ಕೆ! ವಾಂತಿಯಿಂದ ಮೈಯ ನೀರು, ಉಪ್ಪು, ಆಮ್ಲ ಹೊರಗೆ ಹೋದಾಗ ದೇಹ ಗಾಬರಿಯಾಗಿ ಆಲ್ಡೊಸ್ಟೆರೋನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಆ ಹಾರ್ಮೋನು ಮೂತ್ರಪಿಂಡಕ್ಕೆ ‘ಸೋಡಿಯಂ ಹಿಡಿದಿಡು, ಬದಲಿಗೆ ಪೊಟ್ಯಾಸಿಯಂ ಬಿಡು’ ಎಂದು ಆಜ್ಞೆ ಕೊಡುತ್ತದೆ. ವಾಂತಿ ಐದು ನಿಮಿಷದಲ್ಲಿ ಮುಗಿದಿರಬಹುದು, ಮೂತ್ರದ ದಾರಿಯಲ್ಲಿ ಸೋರಿಕೆ ಮಾತ್ರ ಮುಂದುವರಿಯುತ್ತಲೇ ಇರುತ್ತದೆ. ಭೇದಿ ಮಾತ್ರೆಯೂ ಜತೆಗೂಡಿದರೆ ಪೊಟ್ಯಾಸಿಯಂ ಎರಡು ಕಡೆಯಿಂದ ಖಾಲಿಯಾಗುತ್ತದೆ.

ಇದರ ಸುಳಿವುಗಳು: ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಶಕ್ತಿ ಇಲ್ಲದಿರುವುದು, ಎದೆ ಡವಗುಟ್ಟುವುದು, ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ಮಲಬದ್ಧತೆ. ಯಾವ ಸುಳಿವೂ ಇಲ್ಲದೆ ಪೊಟ್ಯಾಸಿಯಂ ಕುಸಿದಿರುವುದೂ ಉಂಟು. ಅದನ್ನು ತಿಳಿಯಲು ರಕ್ತಪರೀಕ್ಷೆ ಬಿಟ್ಟರೆ ಬೇರೆ ದಾರಿಯಿಲ್ಲ.

ಎಳನೀರು ಕುಡಿದು ಬಾಳೆಹಣ್ಣು ತಿಂದರೆ ಪೊಟ್ಯಾಸಿಯಂ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಎರಡರಲ್ಲೂ ಪೊಟ್ಯಾಸಿಯಂ ಇರುವುದು ನಿಜವೇ. ಆದರೆ ಸೋರಿಕೆ ನಿಲ್ಲದೆ, ಕಳೆದುಹೋದ ನೀರು ಮತ್ತು ಉಪ್ಪು ತುಂಬದೆ ತಿಂದದ್ದು ನಿಲ್ಲುವುದಿಲ್ಲ. ಮೆಗ್ನೀಸಿಯಂ ಕೂಡ ಕಡಿಮೆಯಾಗಿದ್ದರೆ, ಅದನ್ನು ಸರಿಪಡಿಸುವವರೆಗೆ ಪೊಟ್ಯಾಸಿಯಂ ಏರುವುದೇ ಕಷ್ಟ. ಅಂಗಡಿಯಿಂದ ಪೊಟ್ಯಾಸಿಯಂ ಔಷಧಿ ತಂದು ತಾವೇ ಕುಡಿಯುವುದಂತೂ ಬೇಡ. ಮೂತ್ರಪಿಂಡ ಸೋತಿದ್ದರೆ ಅದೇ ಪೊಟ್ಯಾಸಿಯಂ ರಕ್ತದಲ್ಲಿ ಮಿತಿಮೀರಿ ಹೃದಯವನ್ನು ನಿಲ್ಲಿಸಬಲ್ಲದು.

ವಾಂತಿ ಮಾಡಿದರೆ ತಿಂದದ್ದೆಲ್ಲ ಹೊರಗೆ ಹೋಗುತ್ತದೆಯೇ? ಇಲ್ಲ. ಅದರಲ್ಲಿ ಒಳ್ಳೆಯ ಪಾಲು ಒಳಗೇ ಉಳಿಯುತ್ತದೆ. ಭೇದಿ ಮಾತ್ರೆಯದು ಇನ್ನೂ ಪೊಳ್ಳು ಭರವಸೆ. ಅದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ, ಆಹಾರದ ಶಕ್ತಿಯೆಲ್ಲ ಸಣ್ಣ ಕರುಳಿನಲ್ಲೇ ಹೀರಿಕೆಯಾಗಿ ಮುಗಿದ ಮೇಲೆ. ಮರುದಿನ ತೂಕದಲ್ಲಿ ಕಾಣುವ ಇಳಿಕೆ ಬರೀ ನೀರಿನದು, ನೀರು ಕುಡಿದರೆ ಅದು ಹಿಂದಿರುಗುತ್ತದೆ. ಇಷ್ಟು ದುಬಾರಿ ಬೆಲೆ ತೆತ್ತು ಈ ಕಾಯಿಲೆಯಿಂದ ಯಾರೂ ತಾವು ಬಯಸಿದ್ದನ್ನು ಪಡೆಯುವುದಿಲ್ಲ ಎಂಬುದನ್ನು ಹದಿಹರೆಯದ ಮಕ್ಕಳಿಗೆ ನೇರವಾಗಿ ಹೇಳಬೇಕು.

ಬುಲಿಮಿಯಾವನ್ನು ಮೊದಲು ಪತ್ತೆಹಚ್ಚುವವರು ಹಲವು ಸಲ ದಂತವೈದ್ಯರು. ಜಠರದ ಆಮ್ಲದ ಪಿಎಚ್ 1ರಿಂದ 2ರ ಆಸುಪಾಸು. ಹಲ್ಲಿನ ಮೇಲ್ಪದರವಾದ ಎನಾಮೆಲ್ 5.5ರ ಕೆಳಗೇ ಕರಗತೊಡಗುತ್ತದೆ. ಮೇಲಿನ ಸಾಲಿನ ಮುಂಭಾಗದ ಹಲ್ಲುಗಳು ಒಳಬದಿಯಲ್ಲಿ, ಅಂಗುಳಿನ ಕಡೆಗೆ ಸವೆದಿದ್ದರೆ ಅನುಭವಿ ದಂತವೈದ್ಯರಿಗೆ ಅನುಮಾನ ಬರುತ್ತದೆ, ಕನ್ನಡಿಯಲ್ಲಿ ನೋಡಿಕೊಳ್ಳುವವರಿಗೆ ಆ ಬದಿ ಕಾಣುವುದಿಲ್ಲ. ವಾಂತಿಯಾದ ಕೂಡಲೇ ಹಲ್ಲುಜ್ಜುವುದು ತಪ್ಪು, ಮೆತ್ತಗಾದ ಎನಾಮೆಲ್ ಇನ್ನಷ್ಟು ಉಜ್ಜಿಹೋಗುತ್ತದೆ. ಬರೀ ನೀರಿನಿಂದ ಅಥವಾ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಸವೆದುಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಪದೇ ಪದೇ ವಾಂತಿಯಾದರೆ ಕಿವಿಯ ಕೆಳಗಿನ ಜೊಲ್ಲುಗ್ರಂಥಿಗಳು ಊದಿಕೊಂಡು ಮುಖ ಅಗಲವಾಗಿ ಕಾಣುತ್ತದೆ ಎಂಬುದು ಗೊತ್ತೇ? ನೋವಿಲ್ಲದ ಊತ. ‘ಮುಖ ದಪ್ಪಗಾಗುತ್ತಿದೆ’ ಎಂದುಕೊಂಡ ಹುಡುಗಿ ಇನ್ನಷ್ಟು ವಾಂತಿಗೆ ಇಳಿಯುತ್ತಾಳೆ, ಗ್ರಂಥಿ ಇನ್ನಷ್ಟು ಊದುತ್ತದೆ. ವಾಂತಿ ನಿಂತ ಮೂರು ನಾಲ್ಕು ದಿನಕ್ಕೇ ಈ ಊತ ಮೊದಲ ಸಲ ಕಾಣಿಸಿಕೊಳ್ಳುವುದೂ ಇದೆ, ಸಮಯ ಕೊಟ್ಟರೆ ಇಳಿಯುತ್ತದೆ.

1724ರಲ್ಲಿ ಹಾಲೆಂಡಿನ ವೈದ್ಯ ಹರ್ಮನ್ ಬೋರ್‌ಹಾವೆ ಒಂದು ಸಾವಿನ ವಿವರ ಪ್ರಕಟಿಸಿದರು. ನೌಕಾಪಡೆಯ ಅಡ್ಮಿರಲ್ ವಾನ್ ವಾಸೆನಾರ್ ಭರ್ಜರಿ ಊಟದ ನಂತರ ವಾಂತಿಗೆ ಔಷಧಿ ತೆಗೆದುಕೊಂಡಿದ್ದರು. ವಾಂತಿಯ ರಭಸಕ್ಕೆ ಅನ್ನನಾಳವೇ ಹರಿದುಹೋಗಿತ್ತು. ಆ ಸ್ಥಿತಿಗೆ ಇಂದಿಗೂ ಬೋರ್‌ಹಾವೆಯ ಹೆಸರಿದೆ. ಅಪರೂಪ, ಆದರೆ ಶಸ್ತ್ರಚಿಕಿತ್ಸೆ ತಡವಾದರೆ ಮಾರಕ. ಅನ್ನನಾಳದ ಒಳಪದರ ಮಾತ್ರ ಸೀಳಿ ರಕ್ತ ಬರುವುದು ಅದಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ. ಬಾಸ್ಟನ್ನಿನ ಮ್ಯಾಲರಿ ಮತ್ತು ವೈಸ್ 1929ರಲ್ಲಿ ಅದನ್ನು ವಿವರಿಸಿದರು. ವಾಂತಿಯಲ್ಲಿ ರಕ್ತ ಕಂಡರೆ, ವಾಂತಿಯ ಬೆನ್ನಿಗೇ ಎದೆ ಕಿತ್ತುಬರುವಂಥ ನೋವಾದರೆ 108ಕ್ಕೆ ಕರೆ ಮಾಡಿ. ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಆಂಬುಲೆನ್ಸಿಗೆ ಅದೇ ಸಂಖ್ಯೆ.

‘ಆಯುರ್ವೇದದಲ್ಲೇ ವಮನ ಇದೆಯಲ್ಲ, ಅದು ಶುದ್ಧಿಯಲ್ಲವೇ?’ ಎಂದು ಕೇಳುವವರಿದ್ದಾರೆ. ಪಂಚಕರ್ಮದ ವಮನಕ್ಕೆ ವೈದ್ಯರೇ ರೋಗಿಯನ್ನು ಆರಿಸುತ್ತಾರೆ. ಮೊದಲು ಮೈಗೆ ಜಿಡ್ಡು ಕೊಡುವ ಸ್ನೇಹನ, ಬೆವರಿಳಿಸುವ ಸ್ವೇದನ. ಆಮೇಲೆ ಗಂಜಿಯಿಂದ ಶುರುವಾಗಿ ಹಂತ ಹಂತವಾಗಿ ಊಟಕ್ಕೆ ಮರಳುವ ಸಂಸರ್ಜನ ಕ್ರಮ. ಊಟದ ಮೇಲಿನ ಅಪರಾಧಭಾವಕ್ಕೆ ಬಚ್ಚಲಿನ ಬಾಗಿಲು ಹಾಕಿಕೊಂಡು ಮಾಡುವ ವಾಂತಿಗೆ ಆ ಶಾಸ್ತ್ರದ ಹೆಸರು ಕೊಡಬಾರದು.

ವ್ರತದ ವಿಷಯವೂ ಸೂಕ್ಷ್ಮ. ಏಕಾದಶಿ, ಶ್ರಾವಣದ ಶನಿವಾರ ಎಂದು ಉಪವಾಸ ಮಾಡುವ ಮನೆಗಳಲ್ಲಿ ಬುಲಿಮಿಯಾ ಅಡಗಿ ಕೂರಲು ಸಲೀಸು. ಊಟ ಬಿಟ್ಟದ್ದನ್ನು ಯಾರೂ ಪ್ರಶ್ನಿಸುವುದಿಲ್ಲ, ಮೇಲಾಗಿ ಹೊಗಳುತ್ತಾರೆ. ದೀರ್ಘ ಉಪವಾಸದ ನಂತರ ಕೈ ಮೀರಿ ತಿನ್ನುವ ತುಡಿತ ಈ ಕಾಯಿಲೆಯ ತಿರುಳು. ಚಿಕಿತ್ಸೆಯಲ್ಲಿರುವವರನ್ನು ಉಪವಾಸದಿಂದ ಬಿಡಿಸಿ. ಕಾಯಿಲೆಯವರಿಗೆ ವ್ರತದಲ್ಲಿ ವಿನಾಯಿತಿ ಇದ್ದೇ ಇದೆ. ಇದನ್ನು ಮನೆಯ ಹಿರಿಯರೇ, ಅಜ್ಜಿಯೋ ಅತ್ತೆಯೋ, ಬಾಯಿಬಿಟ್ಟು ಹೇಳಿದರೆ ಅದರ ತೂಕವೇ ಬೇರೆ.

ಹಸಿವೇ ಈ ಸುತ್ತನ್ನು ತಿರುಗಿಸುತ್ತದೆ ಎಂಬುದಕ್ಕೆ ಪುರಾವೆ ಬೇಕೇ? ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನಿಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದು, ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿದರು. ಅವರಾರಿಗೂ ತೆಳ್ಳಗಾಗುವ ಹಂಬಲ ಇರಲಿಲ್ಲ. ಆದರೂ ದಿನವಿಡೀ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಮತ್ತೆ ಹೊಟ್ಟೆತುಂಬ ಊಟ ಸಿಕ್ಕಾಗ ಹಲವರಿಗೆ ನಿಲ್ಲಿಸುವುದೇ ಆಗಲಿಲ್ಲ, ಎಷ್ಟು ತಿಂದರೂ ಹಸಿವು ಆರಲಿಲ್ಲ. ಬುಲಿಮಿಯಾ ಇರುವವರನ್ನು ‘ನಾಲಿಗೆಯ ಮೇಲೆ ಹಿಡಿತವಿಲ್ಲ’ ಎಂದು ಜರೆಯುವವರು ಈ 36 ಮಂದಿಯನ್ನು ನೆನೆಯಬೇಕು. ಹಿಡಿತ ತಪ್ಪುವುದಕ್ಕೆ ಮುಂಚೆ ಬುಲಿಮಿಯಾ ಇರುವವರು ಹೊಟ್ಟೆಯನ್ನು ಬಲವಂತವಾಗಿ ಬಿಗಿಹಿಡಿದಿರುತ್ತಾರೆ.

ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಗುರುತು ಸಿಕ್ಕಿದ್ದು 1979ರಲ್ಲಿ, ಅಷ್ಟು ತಡವಾಗಿ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಮನೋವೈದ್ಯ ಜೆರಾಲ್ಡ್ ರಸೆಲ್ 30 ರೋಗಿಗಳ ವಿವರ ಬರೆದರು. ಆ ಮೊದಲ ಪಟ್ಟಿಯಲ್ಲೇ ಇಬ್ಬರು ಗಂಡಸರಿದ್ದರು.

ಗಂಡಸರೆಂದಾಗ ಚೆನ್ನೈಗೆ ಪರಿಚಿತವಾದ ಒಂದು ಹೆಸರು ಹೇಳಲೇಬೇಕು. 2009ರ ಐಪಿಎಲ್ ಹರಾಜಿನಲ್ಲಿ ಚೆನ್ನೈ ಸೂಪರ್ ಕಿಂಗ್ಸ್ 15.5 ಲಕ್ಷ ಡಾಲರಿಗೆ ಕೊಂಡ ಇಂಗ್ಲೆಂಡಿನ ಆಲ್‌ರೌಂಡರ್ ಆಂಡ್ರ್ಯೂ ಫ್ಲಿಂಟಾಫ್ ನೆನಪಿದ್ದಾರೆಯೇ? ಆರಡಿ ಮೀರಿದ ಆಳು, 2005ರ ಆಷಸ್ ಸರಣಿಯ ವೀರ. ದಪ್ಪಗಿದ್ದಾನೆಂದು ಪತ್ರಿಕೆಗಳು ಆಡಿಕೊಂಡ ದಿನಗಳಲ್ಲಿ ಶುರುವಾದ ಬುಲಿಮಿಯಾದ ಬಗ್ಗೆ ಅವರು 2020ರ ಬಿಬಿಸಿ ಸಾಕ್ಷ್ಯಚಿತ್ರದಲ್ಲಿ ಮನಬಿಚ್ಚಿ ಮಾತಾಡಿದರು. ಕ್ರೀಡಾಂಗಣದಲ್ಲಿ ಸಾವಿರಾರು ಕಣ್ಣುಗಳ ಎದುರು ಆಡುವಾಗಲೂ ಈ ಗುಟ್ಟು ಅವರ ಜತೆಗಿತ್ತು. ಬ್ರಿಟನ್ನಿನ ಉಪಪ್ರಧಾನಿಯಾಗಿದ್ದ ಜಾನ್ ಪ್ರೆಸ್ಕಾಟ್ ತಮಗೆ ಬುಲಿಮಿಯಾ ಇತ್ತೆಂದು 2008ರಲ್ಲಿ ಹೇಳಿಕೊಂಡಾಗ ಅವರ ವಯಸ್ಸು ಎಪ್ಪತ್ತರ ಹತ್ತಿರ. ಹುಡುಗಿಯರ ಕಾಯಿಲೆ ಎಂದು ಹಣೆಪಟ್ಟಿ ಹಚ್ಚಿದರೆ ಗಂಡಸರು ಬಾಯಿ ಬಿಡುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಜಿಮ್ಮಿಗೆ ಹೋಗುವ ಮಗನನ್ನೂ ಗಮನಿಸಿ.

ಭಾರತದಲ್ಲಿ? ಹಿಂದಿ ಚಿತ್ರನಟಿ ರಿಚಾ ಚಡ್ಡಾ 2016ರಲ್ಲಿ ಸಾರ್ವಜನಿಕ ವೇದಿಕೆಯೊಂದರಲ್ಲಿ ತಮ್ಮ ಬುಲಿಮಿಯಾದ ಬಗ್ಗೆ ಮಾತಾಡಿದರು. ಒಮ್ಮೆ ದಪ್ಪಗಾಗು, ಒಮ್ಮೆ ತೆಳ್ಳಗಾಗು ಎಂಬ ಚಿತ್ರರಂಗದ ಒತ್ತಡವನ್ನು ಹೆಸರಿಟ್ಟು ಹೇಳಿದ ಅವರ ಧೈರ್ಯ ದೊಡ್ಡದು.

‘ಇದು ಪಶ್ಚಿಮದವರ ಕಾಯಿಲೆ, ನಮ್ಮಲ್ಲಿ ಇಲ್ಲ’ ಎಂಬ ನಂಬಿಕೆಯನ್ನು ಮೊದಲು ಅಲುಗಾಡಿಸಿದವರಲ್ಲಿ ಚೆನ್ನೈನವರೇ ಇದ್ದಾರೆ. ಟಿ.ಎನ್. ಶ್ರೀನಿವಾಸನ್ ಮತ್ತು ಸಂಗಡಿಗರು ಮದರಾಸಿನ 210 ವೈದ್ಯಕೀಯ ವಿದ್ಯಾರ್ಥಿಗಳನ್ನು ಪರಿಶೀಲಿಸಿ 1995ರಲ್ಲಿ ವರದಿ ಪ್ರಕಟಿಸಿದರು. 31 ಮಂದಿಯಲ್ಲಿ, ಅಂದರೆ ನೂರಕ್ಕೆ ಸುಮಾರು 15ರಲ್ಲಿ, ಊಟದ ಸುತ್ತ ಹೆಣೆದುಕೊಂಡ ಸಂಕಟ ಕಂಡಿತು. ಪೂರ್ತಿ ಬೆಳೆದ ಕಾಯಿಲೆಗಿಂತ ಸೌಮ್ಯವಾದದ್ದು, ಆದರೆ ಕಡೆಗಣಿಸುವಂಥದ್ದಲ್ಲ. ಅದೂ ದೇಹದ ಒಳಹೊರಗನ್ನು ಪಠ್ಯವಾಗಿ ಓದುತ್ತಿದ್ದ ಮಕ್ಕಳಲ್ಲಿ!

ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ಕಾಯಿಲೆಯ ಒಬ್ಬರನ್ನಾದರೂ ನೋಡಿದ್ದೇವೆ ಎಂದರು. ಮೈಸೂರಿನಲ್ಲಿ 15ರಿಂದ 25ರ ವಯಸ್ಸಿನ 1,600 ವಿದ್ಯಾರ್ಥಿಗಳ ಅಧ್ಯಯನ 2018ರಲ್ಲಿ ಹೊರಬಂತು. ಪ್ರಶ್ನಾವಳಿಯ ಲೆಕ್ಕದಲ್ಲಿ ನೂರಕ್ಕೆ 26 ಮಂದಿಯ ಊಟದ ಮನೋಭಾವ ಅಪಾಯದ ಗೆರೆ ದಾಟಿತ್ತು. ಇಷ್ಟು ಜನಕ್ಕೂ ಕಾಯಿಲೆ ಇದೆಯೆಂದು ಇದರ ಅರ್ಥವಲ್ಲ, ಪ್ರಶ್ನಾವಳಿ ಜರಡಿ ಮಾತ್ರ, ನಿರ್ಧಾರ ವೈದ್ಯರದು. ಆದರೂ ಒಂದು ತರಗತಿಯಲ್ಲಿ ನಾಲ್ಕರಲ್ಲಿ ಒಬ್ಬರು ಊಟದ ಮುಂದೆ ಹೆದರಿ ಕೂರುತ್ತಾರೆಂದರೆ ಅಧ್ಯಾಪಕರಿಗೆ ಅದು ಗೊತ್ತಿರಬೇಡವೇ?

ಫಿಜಿ ದ್ವೀಪದ ಕಥೆ ಕೇಳಿ. ಅಲ್ಲಿಯ ನಡ್ರೋಗ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಅಲ್ಲಿಯವರೆಗೆ ಅಲ್ಲಿ ತುಂಬಿದ ಮೈಯೇ ಚೆಲುವು, ‘ಸೊರಗಿದ್ದೀಯ’ ಎನ್ನುವುದೇ ಕಳವಳದ ಮಾತು. ಹಾರ್ವರ್ಡ್‌ನ ಆನ್ ಬೆಕರ್ ಆ ವರ್ಷ ಶಾಲಾ ಹುಡುಗಿಯರನ್ನು ಕೇಳಿದಾಗ ತೂಕಕ್ಕಾಗಿ ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. ಮೂರೇ ವರ್ಷದ ನಂತರ, 1998ರಲ್ಲಿ, ನೂರಕ್ಕೆ 11 ಮಂದಿ! ನಮ್ಮ ಹಳ್ಳಿಗಳಲ್ಲೂ ಒಂದು ಕಾಲಕ್ಕೆ ಮೈ ತುಂಬಿಕೊಂಡವಳನ್ನು ಕಂಡರೆ ಹಿರಿಯರು ದೃಷ್ಟಿ ತೆಗೆಯುತ್ತಿದ್ದರು. ಈಗ ಮದುವೆಮನೆಯ ಮೊದಲ ಮಾತೇ ‘ಏನೇ, ಇಷ್ಟು ದಪ್ಪಗಾಗಿದ್ದೀಯ’. ಚೆನ್ನೈಯ ಬೀದಿಯಲ್ಲಾದರೆ ‘ಗುಂಡು’. ಪ್ರೀತಿಯಿಂದಲೇ ಆಡಿದ್ದಿರಬಹುದು. ಹದಿನೈದರ ಮಗುವಿನ ಕಿವಿಯಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಮಕ್ಕಳ ಮೈಯ ಬಗ್ಗೆ ಆಡುವ ಮಾತನ್ನು ನೆಂಟರಾದ ನಾವೆಲ್ಲ ನಿಲ್ಲಿಸಿಬಿಡಬೇಕೆಂದು ನನ್ನ ಕಳಕಳಿಯ ಕೋರಿಕೆ.

ಬುಲಿಮಿಯಾ ಇರುವವರು ಸಾಯುವ ಅಪಾಯ ಅದೇ ವಯಸ್ಸಿನ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು 2011ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ವಿಶ್ಲೇಷಣೆ ಹೇಳುತ್ತದೆ. ಹೃದಯದ ಏರುಪೇರಿನ ಜತೆಗೆ ಆತ್ಮಹತ್ಯೆಯ ಅಪಾಯವೂ ಇದೆ. ಬದುಕು ಸಾಕೆನಿಸುವ ಮಾತು ಬಂದರೆ ಆ ಕ್ಷಣವೇ ಜತೆಗಿರಿ, ಒಬ್ಬರನ್ನೇ ಬಿಡಬೇಡಿ. ಚೆನ್ನೈನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಕಟ್ಟಿದ ‘ಸ್ನೇಹಾ’ ಸಂಸ್ಥೆ ಇದಕ್ಕೆಂದೇ ಇದೆ.

ಗುಳಿಗೆ ನುಂಗುವವರು ಗಮನಿಸಿ: ವಾಂತಿ, ಭೇದಿಯ ಜತೆ ಔಷಧಿಯೂ ಹೊರಗೆ ಹೋಗುತ್ತದೆ. ಮೂರ್ಛೆರೋಗದ ಮಾತ್ರೆ, ಗರ್ಭನಿರೋಧಕ ಮಾತ್ರೆ ಕೆಲಸ ಮಾಡದಿರಬಹುದು. ಸಕ್ಕರೆ ಕಾಯಿಲೆ, ಅದರಲ್ಲೂ ಇನ್ಸುಲಿನ್ ಬೇಕಾದ ಟೈಪ್ 1 ಇದ್ದವರಿಗೆ ಬುಲಿಮಿಯಾ ಇನ್ನೂ ಅಪಾಯಕಾರಿ. ಸಕ್ಕರೆಯ ವೈದ್ಯರಿಗೂ ಅದು ಗೊತ್ತಿರಬೇಕು. ಖಿನ್ನತೆಗೆ ಮತ್ತು ಸಿಗರೇಟು ಬಿಡಿಸಲು ಕೊಡುವ ಬ್ಯುಪ್ರೊಪಿಯಾನ್ ಎಂಬ ಔಷಧಿ ಬುಲಿಮಿಯಾ ಇರುವವರಿಗೆ ನಿಷಿದ್ಧ, ಅದರಿಂದ ಫಿಟ್ಸ್ ಬರಬಹುದು. ಗುಟ್ಟು ಮುಚ್ಚಿಟ್ಟು ಬೇರೆ ಕಾಯಿಲೆಗೆ ಔಷಧಿ ಬರೆಸಿಕೊಳ್ಳುವುದು ಎಷ್ಟು ಅಪಾಯ ಎಂಬುದು ಇದರಿಂದಲೇ ತಿಳಿಯುತ್ತದೆ.

ಈಗ ಸಮಾಧಾನದ ಸುದ್ದಿ. ಇದು ವಾಸಿಯಾಗುವ ಕಾಯಿಲೆ. ಚಿಕಿತ್ಸೆಯ ಮೊದಲ ಮೆಟ್ಟಿಲು ಏನೆಂದು ಊಹಿಸಬಲ್ಲಿರಾ? ಹೊತ್ತುಹೊತ್ತಿಗೆ ತಿನ್ನುವುದು! ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ತಿಂಡಿ, ಎಚ್ಚರವಿರುವಾಗ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡದಿರುವುದು. ಆಕ್ಸ್‌ಫರ್ಡಿನ ಕ್ರಿಸ್ಟೊಫರ್ ಫೇರ್‌ಬರ್ನ್ 1981ರಿಂದ ರೂಪಿಸುತ್ತ ಬಂದ ಅರಿವು-ವರ್ತನೆಯ ಚಿಕಿತ್ಸೆಯ ಅಡಿಪಾಯವೇ ಇದು. ತೈಲಾಗಾರ ಮತ್ತು ರಾಸಾಯನಿಕ ಕಾರ್ಖಾನೆಗಳ ಮಣಲಿಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಎಂಟಕ್ಕೆ ತಿಂಡಿ, ಒಂದಕ್ಕೆ ಊಟ ಎಂಬ ಪಟ್ಟಿ ಒಗ್ಗುವುದಿಲ್ಲ. ಗಡಿಯಾರದ ಬದಲು ನಿದ್ದೆಯಿಂದ ಎದ್ದ ಹೊತ್ತಿನಿಂದ ಲೆಕ್ಕ ಹಾಕಿ ಪಟ್ಟಿ ಮಾಡಿಕೊಡಿ ಎಂದು ಚಿಕಿತ್ಸಕರನ್ನು ಕೇಳಿ.

ಎಷ್ಟು ಕಾಲ ಬೇಕು? ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 70 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ಈ ಚಿಕಿತ್ಸೆಯ 20 ಭೇಟಿ, ಐದು ತಿಂಗಳು. ಇನ್ನೊಂದು ಗುಂಪಿಗೆ ವಾರವಾರವೂ, ಎರಡು ವರ್ಷ, ಮನೋವಿಶ್ಲೇಷಣೆಯ ಹಾದಿಯ ಮಾತುಕತೆ. ಐದು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 42 ಮಂದಿಯ ತಿನ್ನುವ-ವಾಂತಿಯ ಸುತ್ತು ಪೂರ್ತಿ ನಿಂತಿತ್ತು, ಎರಡನೆಯದರಲ್ಲಿ ಆರು. ಎರಡು ವರ್ಷದ ಮೇಲೂ 44ಕ್ಕೆ 15. ಎಲ್ಲ ಚಿಕಿತ್ಸೆಯೂ ಒಂದೇ ಅಲ್ಲ; ‘ಕೌನ್ಸೆಲಿಂಗ್‌ಗೆ ಹೋಗಿದ್ದೆ, ಗುಣವಾಗಲಿಲ್ಲ’ ಎಂದು ಕೈಚೆಲ್ಲಿದವರು ಸರಿಯಾದ ಚಿಕಿತ್ಸೆ ಕೇಳಿ ಮತ್ತೊಮ್ಮೆ ಹೋಗಲಿ. ಹದಿಹರೆಯದವರಿಗೆ ತಂದೆತಾಯಿಯನ್ನು ಜತೆಗಿಟ್ಟುಕೊಂಡು ಮಾಡುವ ಕುಟುಂಬ ಚಿಕಿತ್ಸೆ ಇದೆ. ಫ್ಲುಆಕ್ಸೆಟಿನ್ ಎಂಬ ಹಳೆಯ ಔಷಧಿಯೂ ತಿನ್ನುವ ತುಡಿತವನ್ನು ತಗ್ಗಿಸುತ್ತದೆ, ಅದನ್ನು ಬರೆಯುವುದು, ನಿಲ್ಲಿಸುವುದು ವೈದ್ಯರ ಕೈಯಲ್ಲಿರಲಿ.

ವಾಂತಿ ನಿಲ್ಲಿಸಿದ ಮೊದಲ ಒಂದೆರಡು ವಾರ ಕಾಲು, ಮುಖ ಊದಿಕೊಳ್ಳಬಹುದು, ತೂಕ ಸರ್ರನೆ ಏರಬಹುದು ಎಂಬುದು ಗೊತ್ತೇ? ಮೇಲೆ ಹೇಳಿದ ಆ ಹಾರ್ಮೋನಿನ ಅಬ್ಬರ ಇನ್ನೂ ಇಳಿದಿರುವುದಿಲ್ಲ, ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೊಬ್ಬು ಬಂತೆಂದು ಹೆದರಿ ಹಳೆಯ ದಾರಿಗೆ ಮರಳುವವರು ಮರಳುವುದು ಈ ವಾರಗಳಲ್ಲೇ. ಬೀದಿ ಬದಿಯ ಕ್ಲಿನಿಕ್ಕಿನಲ್ಲಿ ವಿಷಯ ಹೇಳದೆ ಅವಸರದ ಡ್ರಿಪ್ ಹಾಕಿಸಿಕೊಂಡರೆ ಊತ ಇನ್ನೂ ಹೆಚ್ಚಬಹುದು. ಮೊದಲೇ ತಿಳಿದವರು ಈ ದಿನಗಳನ್ನು ದಾಟುತ್ತಾರೆ.

ಮನೆಯಲ್ಲಿ ಹೇಗೆ ಮಾತೆತ್ತುವುದು? ಊಟದ ತಟ್ಟೆಯ ಮುಂದೆ ಬೇಡ. ಬಚ್ಚಲಿನ ಬಾಗಿಲಿಗೆ ಕಿವಿಗೊಟ್ಟು ಹಿಡಿಯುವುದೂ ಬೇಡ. ಇಬ್ಬರೇ ಇರುವಾಗ, ‘ಪುಟ್ಟಿ, ಊಟ ಆದಮೇಲೆ ನಿನಗೆ ಕಷ್ಟ ಆಗ್ತಿದೆ ಅನ್ನಿಸ್ತಿದೆ. ನಾನು ಬೈಯೋಕೆ ಕೇಳ್ತಿಲ್ಲ. ಡಾಕ್ಟರ ಹತ್ರ ಹೋಗೋಣ, ನಾನು ಜತೆಗೆ ಬರ್ತೀನಿ’ ಎಂದರೆ ಸಾಕು. ಮೊದಲ ಸಲ ‘ಏನಿಲ್ಲಮ್ಮ’ ಎಂಬ ಉತ್ತರವೇ ಬರುತ್ತದೆ. ವಾರ ಬಿಟ್ಟು ಮತ್ತೆ ಕೇಳಿ. ತೂಕದ ಮಾತು, ಆಣೆ ಪ್ರಮಾಣ, ನೆರೆಮನೆಯ ಹುಡುಗಿಯ ಹೋಲಿಕೆ ಯಾವುದೂ ಬೇಡ.

ಎಲ್ಲಿಗೆ ಹೋಗುವುದು? ಮಣಲಿಯಿಂದ ಬಸ್ಸು ಹಿಡಿದರೆ ಉತ್ತರ ಚೆನ್ನೈನ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಸ್ಟ್ಯಾನ್ಲಿ ಇದೆ, ಅಲ್ಲಿ ಮನೋವೈದ್ಯ ವಿಭಾಗ ಉಂಟು. ಒಂದೇ ಆವರಣದಲ್ಲಿ ರಕ್ತಪರೀಕ್ಷೆ, ಇಸಿಜಿ, ಮನಸ್ಸಿನ ವೈದ್ಯರು ಮೂರೂ ಸಿಗುವುದು ಬುಲಿಮಿಯಾಕ್ಕೆ ದೊಡ್ಡ ಅನುಕೂಲ. ಕಿಲ್ಪಾಕಿನಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ, ಅದರ ಮೂಲ 1794ರದು. ಆ ಸಂಸ್ಥೆಯನ್ನು 1961ರಿಂದ ಹದಿನೇಳು ವರ್ಷ ಮುನ್ನಡೆಸಿದ, ದೇಶದ ಮೊದಲ ಮಹಿಳಾ ಮನೋವೈದ್ಯೆ ಎನಿಸಿದ ಡಾ. ಎಂ. ಶಾರದಾ ಮೆನನ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, 1923ರಲ್ಲಿ. ಮನೋವೈದ್ಯದ ತರಬೇತಿ ಪಡೆದದ್ದು ಬೆಂಗಳೂರಿನಲ್ಲಿ, ಈಗ ನಿಮ್ಹಾನ್ಸ್ ಆಗಿರುವ ಸಂಸ್ಥೆಯಲ್ಲಿ. ರೋಗಿಗಳನ್ನು ಕೂಡಿಹಾಕುವ ಜಾಗವನ್ನು ಬಂದುಹೋಗುವ ಆಸ್ಪತ್ರೆಯಾಗಿ ಮಾಡಲು ಅವರು ಜೀವ ತೇಯ್ದರು.

ಕಾರ್ಖಾನೆ ಕೆಲಸದವರಿಗೆ ಇಎಸ್‌ಐ ಕಾರ್ಡ್ ಇದ್ದರೆ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ, ಅಯನಾವರದಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಖಾಸಗಿ ವಿಮೆ ಇದ್ದವರಿಗೆ ಇನ್ನೊಂದು ಸಂಗತಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾ ರಕ್ಷಣೆ ಕೊಡಬೇಕು.

ಊರಲ್ಲಿರುವವರಿಗೆ ಜಿಲ್ಲಾ ಆಸ್ಪತ್ರೆಯೇ ಮೊದಲ ಬಾಗಿಲು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ ಎಂಬುದು ಎಷ್ಟು ಜನರಿಗೆ ಗೊತ್ತು?

ಹೊರಗೆ ಹೋಗಲು ಇನ್ನೂ ಧೈರ್ಯ ಸಾಲದಿದ್ದರೆ ಫೋನ್ ಇದೆ. 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಅದರ ಕೇಂದ್ರಸ್ಥಾನ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡವೂ ತಮಿಳೂ ಇದೆ.

ಮೊದಲ ಭೇಟಿಯಲ್ಲಿ ಏನಾಗುತ್ತದೆ? ಬಿಪಿ, ನಾಡಿ, ಕೂತಾಗ ಒಮ್ಮೆ, ನಿಂತಾಗ ಒಮ್ಮೆ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬನೇಟ್, ಮೆಗ್ನೀಸಿಯಂ, ಸಕ್ಕರೆ, ಮೂತ್ರಪಿಂಡದ ಪರೀಕ್ಷೆ. ಒಂದು ಇಸಿಜಿ. ಬಹುತೇಕರು ಅದೇ ದಿನ ಮನೆಗೆ ಹೋಗುತ್ತಾರೆ, ಲವಣ ತೀರಾ ಕುಸಿದಿದ್ದರೆ, ಹೃದಯದ ಲಯ ತಪ್ಪಿದ್ದರೆ ಅಥವಾ ಸಾಯುವ ಯೋಚನೆ ಇದ್ದರೆ ಸೇರಿಸಿಕೊಳ್ಳುತ್ತಾರೆ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ, ಭೇದಿ ಮಾತ್ರೆ, ‘ಸ್ಲಿಮ್ಮಿಂಗ್’ ಪುಡಿ, ಗಿಡಮೂಲಿಕೆ ಚಹಾ ಸಹಿತ. ಹೇಳಲು ಬಾಯಿ ಬರದಿದ್ದರೆ ‘ಊಟವಾದ ಮೇಲೆ ವಾಂತಿ ಮಾಡಿಕೊಳ್ಳುತ್ತೇನೆ, ನಿಲ್ಲಿಸಲು ಆಗುತ್ತಿಲ್ಲ’ ಎಂಬ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ, ವೈದ್ಯರಿಗೆ ಅಷ್ಟು ಸಾಕು. ಮನೆಯವರ ಎದುರು ಹೇಳಲಾಗದಿದ್ದರೆ ಸ್ವಲ್ಪ ಹೊತ್ತು ಅವರನ್ನು ಹೊರಗೆ ಕೂರಿಸುವಂತೆ ವೈದ್ಯರನ್ನು ಕೇಳಿಕೊಳ್ಳಬಹುದು. ನಿಮ್ಮ ಕಾಯಿಲೆಯ ಗೋಪ್ಯ ಕಾಪಾಡುವುದು ಅದೇ 2017ರ ಕಾಯ್ದೆ ನಿಮಗೆ ಕೊಟ್ಟಿರುವ ಹಕ್ಕು.